ಗಿಳಿಹಸಿರು ಬ್ಲೌಸ್ ಪೀಸಿನಲ್ಲಿ ವಾಸ್ಕೊ ಡ ಗಾಮ

ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನ ಕನ್ನಡಿಗರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಆ ವರ್ಷದ ಶ್ರಾವಣದಲ್ಲಿ ಅಲ್ಲಿಯ ಒಂದು ಕಾಂಡೋ ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಯಲ್ಲಿ ಎದ್ದ ಪ್ರಶ್ನೆಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕಾಗುತ್ತದೆ. ವಾಸ್ಕೊ ಡ ಗಾಮನನ್ನು ವರಮಹಾಲಕ್ಷ್ಮಿಯ ಎಡಕ್ಕೆ ಕೂರಿಸಬೇಕೋ ಬಲಕ್ಕೆ ಕೂರಿಸಬೇಕೋ ಎಂಬುದು ಆ ಪ್ರಶ್ನೆ. ರಾಜ್ಯಗಳು ಇದಕ್ಕಿಂತ ಸಣ್ಣ ವಿಷಯಕ್ಕೆ ಉರುಳಿವೆ.

ಪ್ರಶ್ನೆ ಎದ್ದದ್ದು ರತ್ನಳ ಮನೆಯಲ್ಲಿ. ಮೈಸೂರಿನ ರತ್ನ ಅಲ್ಲೊಂದು ಇಂಟರ್‌ನ್ಯಾಷನಲ್ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಗಂಡ ಶ್ರೀಪತಿ ಕಂಪ್ಯೂಟರ್ ಚಿಪ್ಪಿನ ಕಾರ್ಖಾನೆಯಲ್ಲಿ, ಕೆಟ್ಟ ಚಿಪ್ಪು ಯಾವ ಹಂತದಲ್ಲಿ ಕೆಟ್ಟಿತು ಎಂದು ಪತ್ತೆ ಹಚ್ಚುವ ವಿಭಾಗದ ಇಂಜಿನಿಯರ್. ಮಗಳು ಅನನ್ಯಳಿಗೆ ಹತ್ತು ವರ್ಷ. ಕನ್ನಡದಲ್ಲಿ ಬೈಸಿಕೊಂಡು, ಕೊನೆಗೊಂದು ಪೆನಾಂಗಿನ 'ಲಾ' ಸೇರಿಸಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಿದ್ಯೆ ಅವಳಿಗೆ ಆಗಲೇ ಸಿದ್ಧಿಸಿತ್ತು.

ವರಮಹಾಲಕ್ಷ್ಮಿಯ ಹಿಂದೆ ನೋಟುಗಳನ್ನು ನೆರಿಗೆ ಹಿಡಿದು ಬೀಸಣಿಗೆಯಂತೆ ಜೋಡಿಸುವುದು ರತ್ನಳ ತಾಯಿಯ ಕಾಲದಿಂದ ಬಂದ ಪದ್ಧತಿ. ಪೆನಾಂಗಿನಲ್ಲಿ ಅದು ಅಂತರರಾಷ್ಟ್ರೀಯ ಸ್ವರೂಪ ಪಡೆದಿತ್ತು. ಆ ಕಾಂಡೋದ ಇಂಜಿನಿಯರುಗಳೆಲ್ಲ ತಿಂಗಳಿಗೊಂದು ದೇಶ ಸುತ್ತುವವರಾದ್ದರಿಂದ ಥಾಯ್ಲೆಂಡ್, ತೈವಾನ್, ಜಪಾನುಗಳ ನೋಟು ಎರವಲು ಸಿಗುತ್ತಿದ್ದವು. ಪೂಜೆ ಮುಗಿದ ಮೇಲೆ ಅವರವರ ನೋಟು ಅವರವರಿಗೆ ವಾಪಸು. ಆದರೆ ಕಲಿಗಾಲ. ದೇಶಗಳೆಲ್ಲ ಒಂದೊಂದಾಗಿ ಪ್ಲಾಸ್ಟಿಕ್ ನೋಟಿಗೆ ಹೋಗುತ್ತಿದ್ದವು. ವಿಯೆಟ್ನಾಮಿನ ನೋಟಿಗೆ ನೆರಿಗೆ ಹಿಡಿದು ಪಿನ್ನು ಚುಚ್ಚುವಷ್ಟರಲ್ಲಿ ಅದು ಪಟ್ಟನೆ ಬಿಚ್ಚಿಕೊಂಡು ಕಲಶದ ಮೇಲೆ ಹಾರುತ್ತಿತ್ತು. ಸಿಂಗಪುರದ್ದಂತೂ ನೆರಿಗೆಯನ್ನೇ ಒಪ್ಪುತ್ತಿರಲಿಲ್ಲ. ಗುರುವಾರ ಸಂಜೆ ರತ್ನ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಬೀಸಣಿಗೆಯ ನಡುವೆ ಒಂದು ನೋಟಿನಷ್ಟು ಜಾಗ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಇತ್ತು.

ಅದನ್ನು ನೋಡಿದವರು ಎದುರು ಮನೆಯ ಜೇನ್ ಆಂಟಿ. ಮಂಗಳೂರಿನವರು, ಎಪ್ಪತ್ತೆರಡು ವರ್ಷ, ಮಗ ಎಡ್ವರ್ಡ್ ಮತ್ತು ಸೊಸೆ ಲಿಂಡಾರ ಜೊತೆ ಮೂರು ತಿಂಗಳು ಇರಲು ಬಂದವರು. ಸುಮ್ಮನೆ ಕೂರುವ ಜಾತಿಯಲ್ಲ. ಬಂದ ವಾರದಲ್ಲೇ ಮಗನಿಂದ ಒಂದು ಹೊಲಿಗೆ ಯಂತ್ರ ಕೊಡಿಸಿಕೊಂಡು ಮನೆಯ ಪರದೆಗಳನ್ನೆಲ್ಲ ಮೊಟಕು ಮಾಡಿ, ಎಡ್ವರ್ಡನ ಪ್ಯಾಂಟುಗಳನ್ನು ಅಗಲ ಮಾಡಿ, ಈಗ ಹೊಲಿಯಲು ಏನೂ ಸಿಗದೆ ಚಡಪಡಿಸುತ್ತಿದ್ದರು. ಅಲಂಕಾರ ನೋಡಲು ಬಂದವರು ಆ ಖಾಲಿ ಜಾಗವನ್ನು ನೋಡಿ, ಮನೆಗೆ ಹೋಗಿ ಪ್ರಾರ್ಥನೆ ಪುಸ್ತಕ ತಂದರು. ಅದರೊಳಗಿಂದ ಪೋರ್ಚುಗಲ್ಲಿನ ಐದು ಸಾವಿರ ಎಸ್ಕುಡೊ ನೋಟು ಹೊರಬಂತು. ಅಪ್ಪಟ ಕಾಗದದ್ದು. ಮೇಲೆ ಟೋಪಿ, ಗಡ್ಡ, ಹಠಮಾರಿ ಮುಖದ ವಾಸ್ಕೊ ಡ ಗಾಮ.

ಜೇನ್ ಆಂಟಿಯ ಗಂಡ ಟ್ರೆವರ್ ಹಡಗಿನಲ್ಲಿ ವೈರ್‌ಲೆಸ್ ಆಫೀಸರ್ ಆಗಿದ್ದವರು. ತೊಂಬತ್ತೇಳನೆಯ ಇಸವಿಯಲ್ಲಿ ಲಿಸ್ಬನ್ ಬಂದರಿನಿಂದ ಈ ನೋಟು ತಂದು ಹೆಂಡತಿಯ ಕೈಗಿಟ್ಟು, ಇದನ್ನು ಖರ್ಚು ಮಾಡಬೇಡ, ನಿನ್ನನ್ನು ಒಮ್ಮೆ ಅಲ್ಲಿಗೆ ಕರಕೊಂಡು ಹೋಗಿ ಇದರಲ್ಲೇ ಸಮುದ್ರದ ಬದಿಯಲ್ಲಿ ಮೀನೂಟ ಕೊಡಿಸುತ್ತೇನೆ ಎಂದಿದ್ದರು. ಹೋಗುವುದು ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಯೂರೋ ಬಂದು ಎಸ್ಕುಡೊ ಹೋಯಿತು. ಆಮೇಲೆ ಟ್ರೆವರ್ ಹೋದರು. ನೋಟು ಉಳಿಯಿತು. ನೆರಿಗೆ ಹಿಡಿದರೆ ಹಾಳಾಗುತ್ತದಲ್ಲ ಎಂದು ರತ್ನ ಹಿಂದೆಗೆದಾಗ ಜೇನ್ ಆಂಟಿ, ಅವರು ಅದನ್ನು ತಂದದ್ದೇ ನಾಲ್ಕು ಮಡಿಕೆ ಮಾಡಿ ಕಾಲುಚೀಲದೊಳಗೆ ಇಟ್ಟು ಎಂದರು. ಒಂದೇ ಷರತ್ತು: ಗೌರಿ ಹಬ್ಬದ ಮರುದಿನ ಬುಧವಾರ ತಮ್ಮ ವಿಮಾನ, ಅದರೊಳಗೆ ನೋಟು ಪುಸ್ತಕಕ್ಕೆ ವಾಪಸು ಬರಬೇಕು.

ಆಕ್ಷೇಪ ಎತ್ತಿದವನು ಶ್ರೀಪತಿ. ಅವನದು ಎರಡು ವಾದ. ಮೊದಲನೆಯದು, ಇದು ಸತ್ತ ನೋಟು. ಪೋರ್ಚುಗಲ್ಲಿನ ಬ್ಯಾಂಕೇ ಮೂರು ವರ್ಷದ ಹಿಂದೆ ಇದನ್ನು ಬದಲಾಯಿಸಿ ಕೊಡುವುದನ್ನು ನಿಲ್ಲಿಸಿದೆ. ಲಕ್ಷ್ಮಿಯ ಪಕ್ಕದಲ್ಲಿ ಚಲಾವಣೆಯಲ್ಲಿಲ್ಲದ ದುಡ್ಡು ಇಡುವುದು ಶೋಭೆಯಲ್ಲ. ಎರಡನೆಯದು, ಆಸಾಮಿ ಸರಿಯಿಲ್ಲ. ಕಲ್ಲಿಕೋಟೆಯ ಅರಸನ ಆಸ್ಥಾನಕ್ಕೆ ಈತ ಮೊದಲ ಸಲ ಹೋದಾಗ ಉಡುಗೊರೆಯೆಂದು ಕೊಂಡೊಯ್ದದ್ದು ಹನ್ನೆರಡು ತುಂಡು ಪಟ್ಟೆ ಬಟ್ಟೆ, ಆರು ಟೋಪಿ, ಕೈತೊಳೆಯುವ ಬೋಗುಣಿಗಳು, ಒಂದಷ್ಟು ಎಣ್ಣೆ, ಜೇನುತುಪ್ಪ. ಬಟ್ಟೆಯ ತುಂಡು ನೋಡಿ ಆಸ್ಥಾನದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ಸಿಟ್ಟಿಗೋ ಏನೋ, ಮುಂದಿನ ಸಲ ಬರುವಾಗ ಫಿರಂಗಿ ತಂದ.

ಮೈಸೂರಿನವಳಾದ ರತ್ನಳಿಗೆ ವಾಸ್ಕೊ ಎಂದರೆ ಗೋವೆಗೆ ಹೋಗುವ ರೈಲಿನ ಹಲಗೆಯ ಮೇಲಿನ ಹೆಸರು, ಅಷ್ಟೇ. ಉತ್ತರ ಕೊಟ್ಟವರು ಜೇನ್ ಆಂಟಿ.

"ಸತ್ತ ನೋಟಾದರೆ ಎಂತ ಆಯ್ತು ಶ್ರೀಪತಿ? ನಿಮ್ಮ ದೇವರ ಕೋಣೆಯಲ್ಲಿ ಫೋಟೋದಲ್ಲಿ ಇರುವ ಅಜ್ಜ ಅಜ್ಜಿ ಎಲ್ಲ ಬದುಕಿ ಉಂಟಾ?"

ಶ್ರೀಪತಿ ವಾದ ಮುಗಿಸಿದ. ಕೊನೆಗೆ ಒಪ್ಪಂದವಾಯಿತು: ವಾಸ್ಕೊ ದೇವಿಯ ಎಡಕ್ಕೆ, ತಾವರೆಯ ಹಿಂದೆ, ಮುಖ ನೆರಿಗೆಯೊಳಗೆ ಹೋಗಿ ಟೋಪಿ ಮಾತ್ರ ಕಾಣುವಂತೆ. ಖಾಲಿ ಬಿಟ್ಟಿದ್ದ ಜಾಗಕ್ಕೆ ಜಪಾನು ಸರಿದುಕೊಂಡಿತು. ಬಂದ ಹೆಂಗಸರೆಲ್ಲ ಬೀಸಣಿಗೆಯನ್ನು ಹೊಗಳಿದರು. ಟೋಪಿ ಯಾವ ದೇಶದ್ದೆಂದು ಯಾರೂ ಕೇಳಲಿಲ್ಲ.

ಅನಾಹುತ ನಡೆದದ್ದು ಶನಿವಾರ. ಅಲಂಕಾರ ಬಿಚ್ಚಿದ ರತ್ನ, ನೋಟಿನ ಹಿಂದೆ ಅಂಟಿಸಿದ ಚೀಟಿಯ ಪ್ರಕಾರ ಎಲ್ಲರ ನೋಟನ್ನೂ ವಿಂಗಡಿಸಿದಳು. ವಾಸ್ಕೊನ ಮುಖದ ತುಂಬ ನೆರಿಗೆ. ಇಸ್ತ್ರಿ ಮಾಡಲು ಧೈರ್ಯ ಸಾಲದೆ, ಬೀರುವಿನಲ್ಲಿ ಯಾರೋ ಕೊಟ್ಟು ಬಿದ್ದಿದ್ದ ಒಂದು ಗಿಳಿಹಸಿರು ಬ್ಲೌಸ್ ಪೀಸಿನ ಮಡಿಕೆಯೊಳಗೆ ನೋಟನ್ನು ಮಟ್ಟಸವಾಗಿ ಇಟ್ಟು, ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ನಿಘಂಟು ಹೇರಿ ಸ್ನಾನಕ್ಕೆ ಹೋದಳು. ಅಷ್ಟರಲ್ಲಿ ಒಂಬತ್ತನೆಯ ಮಹಡಿಯ ಸ್ವರ್ಣಲತಾ, ಶುಕ್ರವಾರ ಡ್ಯೂಟಿ ಇದ್ದು ಬರಲಾಗದವಳು, ಅರಿಶಿನ ಕುಂಕುಮಕ್ಕೆಂದು ಬಂದಳು. ಶ್ರೀಪತಿ ತಾನೇ ತಟ್ಟೆ ಸಿದ್ಧಪಡಿಸಿ ಅನನ್ಯಳ ಕೈಲಿ ಕುಂಕುಮ ಕೊಡಿಸಿದ. ಎಲೆ ಅಡಿಕೆ ಫ್ರಿಜ್ಜಿನಲ್ಲಿ ಸಿಕ್ಕಿತು, ಬಾಳೆಹಣ್ಣು ಮೇಜಿನ ಮೇಲಿತ್ತು, ಬ್ಲೌಸ್ ಪೀಸು ಕೊಡಲಿಕ್ಕೆಂದೇ ತೆಗೆದಿಟ್ಟ ಹಾಗೆ ನಿಘಂಟಿನ ಕೆಳಗೆ ಕಾಯುತ್ತಿತ್ತು. ಕಾರ್ಖಾನೆಯಲ್ಲಿ ಅವನಿಗೆ ಕಲಿಸಿದ್ದೇ ಅದು: ಸಿದ್ಧವಾಗಿ ಹೊರಗಿಟ್ಟದ್ದನ್ನು ಮೊದಲು ಕಳಿಸು. ರತ್ನ ಸ್ನಾನ ಮುಗಿಸಿ ಬಂದಾಗ ನಿಘಂಟಿನ ಕೆಳಗೆ ಏನೂ ಇರಲಿಲ್ಲ.

ಬ್ಲೌಸ್ ಪೀಸು, ಹಳಬರ ಬಾಯಲ್ಲಿ ರವಿಕೆ ಕಣ, ಮುಕ್ಕಾಲು ಮೀಟರಿನ ಆಸುಪಾಸಿನ ಬಟ್ಟೆ. ಅದನ್ನು ಹೊಲಿಸಿಕೊಳ್ಳಲಿ ಎಂದು ಯಾರೂ ಕೊಡುವುದಿಲ್ಲ, ಹೊಲಿಸಿಕೊಳ್ಳುತ್ತೇನೆ ಎಂದು ಯಾರೂ ತೆಗೆದುಕೊಳ್ಳುವುದಿಲ್ಲ. ತಾಂಬೂಲದ ತಟ್ಟೆಯಿಂದ ಬೀರುವಿಗೆ, ಬೀರುವಿನಿಂದ ಇನ್ನೊಂದು ತಟ್ಟೆಗೆ, ಕವರು ಬಿಚ್ಚಿಸಿಕೊಳ್ಳದೆ ಅದು ಮನೆಯಿಂದ ಮನೆಗೆ ಸಂಚರಿಸುತ್ತಿರುತ್ತದೆ. ಲೈಬ್ರರಿಯ ಪುಸ್ತಕಕ್ಕಾದರೂ ತಾರೀಖಿನ ಮುದ್ರೆ ಇರುತ್ತದೆ. ಹಾಗಾಗಿ ವಾಸ್ಕೊ ಕಳೆದುಹೋದ ಎಂದು ರತ್ನಳಿಗೆ ಅನ್ನಿಸಲಿಲ್ಲ. ಅವನು ಪ್ರಯಾಣ ಹೊರಟಿದ್ದ. ಎಂದಾದರೊಂದು ದಿನ ಸುತ್ತು ಮುಗಿಸಿ ತನ್ನ ಬಾಗಿಲಿಗೇ ಬರುತ್ತಾನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಪ್ರಶ್ನೆ ಇದ್ದದ್ದು, ಹದಿನೇಳು ದಿನದೊಳಗೆ ಬರುತ್ತಾನೆಯೇ ಎಂಬುದು.

ತಪ್ಪು ತನ್ನದಾದ್ದರಿಂದ ಶ್ರೀಪತಿ ಪ್ರಾಯಶ್ಚಿತ್ತವಾಗಿ ಒಂದು ಕೋಷ್ಟಕ ಹಾಕಿದ. ಮೂರು ವರ್ಷದ ಹಬ್ಬಗಳಲ್ಲಿ ಯಾವ ಬಣ್ಣ ಯಾರಿಂದ ಯಾರಿಗೆ ಹೋಯಿತು ಎಂದು ರತ್ನಳ ನೆನಪನ್ನು ಕೆದಕಿ ಕೆದಕಿ ತುಂಬಿಸಿದ. ಬ್ಲೌಸ್ ಪೀಸಿಗೂ ಒಂದೊಂದು ಬಾರ್‌ಕೋಡ್ ಇದ್ದಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ ಎಂದು ನಿಟ್ಟುಸಿರಿಟ್ಟ. ರಾತ್ರಿಯೂಟಕ್ಕೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ ತಪಾವ್, ಅಂದರೆ ಪಾರ್ಸಲ್, ಮಾಡಿಸಿ ತಂದು, ಹೆಂಡತಿ ಎರಡನೆಯ ರೊಟ್ಟಿ ಮುರಿಯುವವರೆಗೆ ಕಾದು, ಫಲಿತಾಂಶ ಹೇಳಿದ: ಒಂದು ಕಣ ಹೊರಟ ಮನೆಗೇ ಮರಳಲು ಸರಾಸರಿ ಹನ್ನೊಂದು ತಿಂಗಳು.

ಕೇಳಿಬಿಡಬಹುದಿತ್ತು ಎಂದು ಗಂಡಸರು ಹೇಳಿಯಾರು. ಸ್ವರ್ಣಲತಾಳನ್ನು, ನಾನು ಕೊಟ್ಟದ್ದನ್ನು ನೀನು ಯಾರಿಗೆ ಕೊಟ್ಟೆ ಎಂದು ಕೇಳುವುದೆಂದರೆ, ನೀನು ಹೊಲಿಸಿಲ್ಲ ಎಂದು ನನಗೆ ಗೊತ್ತು ಎಂದು ಮುಖಕ್ಕೆ ಹೇಳಿದಂತೆ. ಒಳಗೆ ನೋಟಿತ್ತು ಎಂದರಂತೂ ಸುದ್ದಿ ಸಂಜೆಯೊಳಗೆ ಜೇನ್ ಆಂಟಿಗೆ ಮುಟ್ಟುತ್ತಿತ್ತು. ಹಿಂದೊಮ್ಮೆ ಕನ್ನಡ ಸಂಘದಲ್ಲಿ ಇಂಥದೇ ಒಂದು ಪ್ರಶ್ನೆಯಿಂದ ಎರಡು ಮನೆಗಳ ನಡುವೆ ಒಂದು ಇಡೀ ದೀಪಾವಳಿ ಮಾತಿರಲಿಲ್ಲ. ರತ್ನ ಸುತ್ತಿ ಬಳಸಿ, ಆ ಹಸಿರು ನಿಮ್ಮ ಮೈಬಣ್ಣಕ್ಕೆ ಒಪ್ಪಿತಾ ಎಂದು ಕೇಳಿದಳು. ಸ್ವರ್ಣಲತಾ ಕಣ್ಣು ಮಿಟುಕಿಸದೆ, ಜಾರ್ಜ್‌ಟೌನಿನ ಟೈಲರಿಗೆ ಕೊಟ್ಟಿದೀನಿ ಕಣ್ರೀ, ಅವನು ಬಹಳ ಸತಾಯಿಸ್ತಾನೆ ಎಂದಳು. ಅದು ಸುಳ್ಳೆಂದು ರತ್ನಳಿಗೆ ತಕ್ಷಣ ತಿಳಿಯಿತು. ಹಿಂದಿನ ವರ್ಷ ಸ್ವರ್ಣಲತಾ ಕೊಟ್ಟ ಕಂದು ಬಣ್ಣದ ಕಣದ ಬಗ್ಗೆ ಅವಳು ವಿಚಾರಿಸಿದಾಗ ರತ್ನ ಹೇಳಿದ್ದೂ ಅದೇ ಟೈಲರನ್ನೇ.

ಉಳಿದದ್ದು ಒಂದೇ ದಾರಿ. ರತ್ನ ಆ ಶ್ರಾವಣದಲ್ಲಿ ಕರೆದ ಮನೆಗೆಲ್ಲ ಹೋದಳು. ಕರೆಯದಿದ್ದ ಒಂದೆರಡು ಮನೆಗೂ ಹೋದಳು. ಅದೇ ಕಾಂಡೋದ ವೇದಾಳ ಮನೆಯ ಶ್ರಾವಣ ಶುಕ್ರವಾರಕ್ಕೆ ಹೋಗಿ ಹಳದಿ ತಂದಳು. ಯಾರದೋ ಮನೆಯ ಕೃಷ್ಣಾಷ್ಟಮಿಗೆ ಹೋಗಿ ಇಟ್ಟಿಗೆ ಬಣ್ಣ ತಂದಳು. ಮದುವೆಯಾಗಿ ಎರಡು ವರ್ಷವಾಗಿದ್ದ ಗಾನವಿ ಮಂಗಳಗೌರಿ ವ್ರತ ಹಿಡಿದಿದ್ದಳು. ಮಂಗಳವಾರ ಸಂಜೆ ಆರು ಗಂಟೆಗೇ, ಮೊದಲಿಗಳಾಗಿ, ರತ್ನ ಅಲ್ಲಿಗೆ ಹೋದಳು. ಸಿಕ್ಕಿದ್ದು ನೇರಳೆ. ಮೂಲೆಯಲ್ಲಿ ಸಣ್ಣ ಶಾಯಿಯ ಕಲೆ. ಅದನ್ನು ಹೋದ ವರ್ಷ ಗೌರಿ ಬಾಗಿನದಲ್ಲಿಟ್ಟು ದಾಟಿಸಿದವಳು ಸ್ವತಃ ರತ್ನ. ಶ್ರೀಪತಿಯ ಲೆಕ್ಕ ಕರಾರುವಾಕ್ಕಾಗಿತ್ತು: ಹನ್ನೊಂದು ತಿಂಗಳು, ಹದಿಮೂರು ದಿನ. ಅದನ್ನು ಕೇಳಿ ಅವನಿಗಾದಷ್ಟು ಸಂತೋಷ ರತ್ನಳಿಗೆ ಆಗಲಿಲ್ಲ.

ಇದರ ನಡುವೆ ಜೇನ್ ಆಂಟಿಯ ಕಣ್ಣು ತಪ್ಪಿಸುವ ಕೆಲಸ ಬೇರೆ. ಅವರು ಬೆಳಿಗ್ಗೆ ಸಂಜೆ ಲಿಫ್ಟಿನ ಎದುರಿನ ಬೆಂಚಿನಲ್ಲಿ ಕೂತು ಗಾಳಿ ಸೇವಿಸುವವರು. ರತ್ನ ಹಿಂಬಾಗಿಲಿನ ಮೆಟ್ಟಿಲು ಹಿಡಿದಳು. ಹದಿನಾಲ್ಕು ಮಹಡಿ, ದಿನಕ್ಕೆರಡು ಬಾರಿ, ಹೆಗಲಿಗೆ ಚೀಲ, ಕೈಯಲ್ಲಿ ಕೊತ್ತಂಬರಿ. ವ್ಯಾಯಾಮ ಎಂದು ಎಲ್ಲರಿಗೂ ಹೇಳಿದಳು. ಮನೆಯಲ್ಲಿ ಕೂತು ಮೂವರೂ ಉಪಾಯ ಹುಡುಕುವಾಗ ಅನನ್ಯ ಪುಸ್ತಕದಿಂದ ತಲೆ ಎತ್ತದೆ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು.

"ಅಮ್ಮಾ, ಜಸ್ಟ್ ಟೆಲ್ ಆಂಟಿ ಲಾ."

ದೊಡ್ಡವರ ವಿಷಯದಲ್ಲಿ ಬಾಯಿ ಹಾಕಬೇಡ ಎಂದು ಪ್ರತಿ ಸಲವೂ ಕನ್ನಡದಲ್ಲಿ ಬೈಸಿಕೊಂಡಳು.

ಮಂಗಳಗೌರಿಯ ಮರುದಿನ ರತ್ನ ಸಿಕ್ಕಿಬಿದ್ದಳು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಬೀಗ ತೆಗೆಯುತ್ತಿದ್ದಾಗ ಎದುರಿನ ಬಾಗಿಲು ತೆರೆಯಿತು. ಜೇನ್ ಆಂಟಿ ಒಂದು ಡಬ್ಬಿ ಪತ್ರೊಡೆ ಹಿಡಿದು ನಿಂತಿದ್ದರು. ಡಬ್ಬಿ ಕೊಟ್ಟು ಹೋಗುವುದು ಬಿಟ್ಟು ಹಿಂದೆ ಬಂದು ನಿಂತು ರತ್ನಳ ಹೆಗಲಿನ ಮೇಲೆ ಕೈಯಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಮುಟ್ಟಿ ನೋಡುವ ಕೆಲಸವನ್ನು ಬೇರೆಯವರೇ ಮಾಡಿದರು. ಒಂದು ಹೆಗಲಿನಿಂದ ಇನ್ನೊಂದಕ್ಕೆ ಗೇಣು ಹಾಕಿ, ತೋಳನ್ನೊಮ್ಮೆ ಹಿಡಿದು, ಇಳಿದಿದ್ದೀಯಲ್ಲ ಮಾರಾಯ್ತಿ, ಮನೆಯಲ್ಲಿ ಊಟ ಉಂಟಲ್ಲ ಎಂದು ಕೇಳಿ ಹೊರಟುಹೋದರು. ನೋಟಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಇದಕ್ಕಿಂತ ಮೇಲಿತ್ತು ಎಂದು ರತ್ನಳಿಗೆ ಅನ್ನಿಸಿತು. ಆ ಪತ್ರೊಡೆ ಬಹಳ ಚೆನ್ನಾಗಿತ್ತು, ಅದು ಇನ್ನೂ ಸಂಕಟ.

ಅಂದಿನಿಂದ ಎದುರು ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಯಿತು. ಪರದೆಗಳನ್ನು ಇನ್ನೆಷ್ಟು ಮೊಟಕು ಮಾಡುತ್ತಾರೋ ಎಂದು ಶ್ರೀಪತಿ ತಮಾಷೆ ಮಾಡಿದ.

ಗೌರಿ ಹಬ್ಬ ಬಂತು, ವಾಸ್ಕೊ ಬರಲಿಲ್ಲ. ರತ್ನ ರಜೆ ಹಾಕಿ ಪೂಜೆ ಮುಗಿಸಿ, ಬಾಗಿನಗಳನ್ನು ಕೊಟ್ಟು, ತಾನೂ ಮೂರು ಬಾಗಿನ ಪಡೆದು, ಒಂದೊಂದರ ಅಕ್ಕಿ ಬೇಳೆಗಳನ್ನೂ ಕೆದಕಿ ನೋಡಿದಳು. ಕೆಂಪು, ಬೂದು, ಮತ್ತೆ ಕೆಂಪು. ಬೀರುವಿನಲ್ಲಿ ಈಗ ಹದಿಮೂರು ಕಣಗಳಿದ್ದವು. ಇನ್ನು ಮುಚ್ಚಿಡುವುದಕ್ಕೆ ಒಂದು ರಾತ್ರಿ ಮಾತ್ರ ಉಳಿದಿತ್ತು. ಅವಳು ಲಿಂಡಾಳಿಗೆಂದು ಒಂದು ತಾಂಬೂಲ ಕಟ್ಟಿದಳು. ಆಮೇಲೆ ಜೇನ್ ಆಂಟಿಗೆಂದು ಇನ್ನೊಂದನ್ನೂ ಕಟ್ಟಿದಳು. ಗಂಡ ಹೋದವರಿಗೆ ಕೊಡುತ್ತಾರೆಯೇ ಎಂದು ಊರಿನಲ್ಲಿ ಯಾರಾದರೂ ಕೇಳಿಯಾರು. ಊರು ಅಲ್ಲಿಂದ ಸಾಕಷ್ಟು ದೂರವಿತ್ತು.

ಲಿಂಡಾ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಜೇನ್ ಆಂಟಿ ಯಂತ್ರದ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದರು. ಸೂಟ್‌ಕೇಸು ತೆರೆದು ಬಿದ್ದಿತ್ತು. ರತ್ನ ಕೂರಲಿಲ್ಲ. ತಟ್ಟೆ ಹಿಡಿದುಕೊಂಡೇ, ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದ ಪೀಠಿಕೆಯೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದಳು.

"ಆಂಟಿ, ನಿಮ್ಮ ನೋಟು ಕಳೆದುಹಾಕ್ಬಿಟ್ಟೆ. ಬ್ಲೌಸ್ ಪೀಸಲ್ಲಿ ಇಟ್ಟಿದ್ದೆ, ಅದನ್ನ ತಾಂಬೂಲಕ್ಕೆ ಕೊಟ್ಬಿಟ್ವಿ. ಹದಿನೇಳು ದಿನದಿಂದ ಹುಡುಕ್ತಿದೀನಿ. ಮುಖ ತೋರಿಸೋಕೆ ನಾಚಿಕೆಯಾಗಿ ಮೆಟ್ಟಿಲು ಹತ್ತುತ್ತಿದ್ದೆ."

ಜೇನ್ ಆಂಟಿ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು.

"ಗೊತ್ತುಂಟು. ಇವತ್ತಿಗೆ ಒಂದು ವಾರ ಆಯ್ತು. ನೀನು ಬಂದು ಹೇಳುವೆ ಅಂತ ಕಾಯ್ತಾ ಇದ್ದೆ. ಹೇಳದೆ ಇದ್ದರೆ ನಾಳೆ ಏರ್‌ಪೋರ್ಟಿನಿಂದ ಫೋನು ಮಾಡಿ ಬೈಯುವುದು ಅಂತ ಇತ್ತು."

ಪ್ರಾರ್ಥನೆ ಪುಸ್ತಕ ತೆರೆದರು. ವಾಸ್ಕೊ ಡ ಗಾಮ ಒಳಗಿದ್ದ. ನಾಲ್ಕು ಮನೆಯ ಬೀರುಗಳ ಭಾರ ಬಿದ್ದು ಮುಖದ ನೆರಿಗೆ ಒಂದೂ ಇರಲಿಲ್ಲ. ಎರವಲು ಕೊಟ್ಟ ದಿನಕ್ಕಿಂತ ಚಿಕ್ಕವನಾಗಿ ಕಾಣುತ್ತಿದ್ದ.

ನಡೆದದ್ದಿಷ್ಟು. ಸ್ವರ್ಣಲತಾ ಅದನ್ನು ಜಾರ್ಜ್‌ಟೌನಿನ ಆ ಪ್ರಸಿದ್ಧ ಟೈಲರಿಗೆ ಕೊಡುವ ಬದಲು ಗುರುವಾರ ವೇದಾಳಿಗೆ ಕೊಟ್ಟಿದ್ದಳು. ವೇದಾ ಶುಕ್ರವಾರ ಗಾನವಿಗೆ ಕೊಟ್ಟಳು, ರತ್ನ ಹಳದಿ ಹಿಡಿದು ಹೊರಬಿದ್ದ ಹತ್ತು ನಿಮಿಷಕ್ಕೆ. ಗಾನವಿ ಮಂಗಳವಾರ ಏಳು ಗಂಟೆಗೆ ಲಿಂಡಾಳಿಗೆ ಕೊಟ್ಟಳು. ಲಿಂಡಾಳೂ ಇಲ್ಲಿಯ ಪದ್ಧತಿ ಕಲಿತವಳಾದ್ದರಿಂದ ಅದನ್ನು ಮುಂದಿನ ಮನೆಗೆಂದು ತೆಗೆದಿಟ್ಟಳು. ಆದರೆ ಆ ಇಡೀ ಕಾಂಡೋದಲ್ಲಿ ಬ್ಲೌಸ್ ಪೀಸನ್ನು ಕಂಡರೆ ಕತ್ತರಿ ಹುಡುಕುವವರು ಒಬ್ಬರೇ ಇದ್ದರು. ಬಟ್ಟೆ ಎಂದ ಮೇಲೆ ಹೊಲಿಯಬೇಕು ಎಂಬುದು ಜೇನ್ ಆಂಟಿಯ ನಂಬಿಕೆ. ಕವರು ಹರಿದು, ಬಟ್ಟೆ ಕೊಡವಿದರು. ಸ್ವಂತ ಗಂಡನ ನೋಟು ಸ್ವಂತ ಮಡಿಲಿಗೇ ಬಿತ್ತು. ಮೊದಲು, ರತ್ನ ಬಹಳ ಮರ್ಯಾದೆಯಿಂದ ಬಟ್ಟೆಯೊಳಗಿಟ್ಟು ಹಿಂತಿರುಗಿಸಿದ್ದಾಳೆ ಎಂದುಕೊಂಡರಂತೆ. ಲಿಂಡಾಳನ್ನು ಕೇಳಿದ ಮೇಲೆ, ಮೆಟ್ಟಿಲಿನ ವ್ಯಾಯಾಮದ ಅರ್ಥ ಹೊಳೆದು, ಕತ್ತರಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದರು.

"ಟ್ರೆವರ್ ಕೂಡ ಹೀಗೆಯೇ," ಎಂದರು ಜೇನ್ ಆಂಟಿ. "ಹೇಳದೆ ಕೇಳದೆ ಊರೆಲ್ಲ ತಿರುಗಿ, ನಾವು ಇಲ್ಲಿ ಹೆದರಿ ಸಾಯುವಾಗ ಬಾಗಿಲು ಬಡಿದು ಊಟಕ್ಕೆ ಎಂತ ಉಂಟು ಅಂತ ಕೇಳುವವ."

ರತ್ನ ನಗಲು ಹೋಗಿ ಅತ್ತಳು, ಅಳುತ್ತಲೇ ಕೂತಳು, ಕೂತ ಮೇಲೆ ನಕ್ಕಳು. ತಾಂಬೂಲದ ತಟ್ಟೆಗಳೆರಡೂ ತೊಡೆಯ ಮೇಲೆಯೇ ಇದ್ದವು. ಒಂದನ್ನು ಜೇನ್ ಆಂಟಿಯ ಕೈಗೆ ಕೊಟ್ಟಳು. ಅವರು ವೀಳ್ಯದೆಲೆಯನ್ನು ಮೂಸಿ, ಮಂಗಳೂರಿನದಕ್ಕಿಂತ ದಪ್ಪ ಎಂದರು. ಆಮೇಲೆ ಎದ್ದು ಹೋಗಿ ಊಟದ ತಟ್ಟೆಯೊಂದರಲ್ಲಿ ಎರಡು ಬಾಳೆಹಣ್ಣು, ಒಂದು ನಿಂಬೆಹಣ್ಣು ಇಟ್ಟು, ಮೇಲೆ ಯಂತ್ರದಿಂದ ಆಗಷ್ಟೇ ಇಳಿದ ಗಿಳಿಹಸಿರು ಬ್ಲೌಸನ್ನು ಮಡಿಸಿಟ್ಟು ತಂದರು.

"ನಿಮ್ಮ ಕ್ರಮ ನನಗೆ ಸರಿ ಗೊತ್ತಿಲ್ಲ. ಅಳತೆ ಮಾತ್ರ ಗೇಣು ಹಾಕಿಯೇ ತೆಗೆದದ್ದು. ತಕೊ."

ರತ್ನ ಸೆರಗೊಡ್ಡಿ ತೆಗೆದುಕೊಂಡಳು. ಆ ಸಂಜೆ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಅವಳ ಮನೆಯಲ್ಲಿ ಸೇರಿದಾಗ ಅವಳು ಅದನ್ನೇ ತೊಟ್ಟಿದ್ದಳು. ಸ್ವರ್ಣಲತಾ, ವೇದಾ, ಗಾನವಿ ಮೂವರೂ ಆ ಬಣ್ಣವನ್ನು ನೋಡಿದರು, ನೋಡಿ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡರು. ಬ್ಲೌಸ್ ಪೀಸಿನೊಳಗಿಂದ ಬ್ಲೌಸು ಹೊರಬಂದದ್ದನ್ನು ಅವರಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ. ಬಹಳ ಚೆನ್ನಾಗಿದೆ, ಯಾವ ಟೈಲರ್ ಎಂದು ಕೊನೆಗೆ ಸ್ವರ್ಣಲತಾಳೇ ಕೇಳಿದಳು. ಜಾರ್ಜ್‌ಟೌನಿನವನೇ ಎಂದು ರತ್ನ ಹೇಳಿದಳು. ಶ್ರೀಪತಿ ಮೂಲೆಯಲ್ಲಿ ಕೋಸಂಬರಿ ತಿನ್ನುತ್ತ, ಐನೂರು ಚಿಲ್ಲರೆ ವರ್ಷಗಳ ಮೇಲಾದರೂ ಆಸಾಮಿ ತಂದ ಬಟ್ಟೆಯ ತುಂಡನ್ನು ಯಾರೂ ನಗದೆ ಸ್ವೀಕರಿಸಿದರಲ್ಲ ಎಂದು ಮಗಳಿಗೆ ಹೇಳಿದ. ಅನನ್ಯ ಅಪ್ಪನನ್ನು ದಿಟ್ಟಿಸಿ ನೋಡಿ, "ಐ ಟೋಲ್ಡ್ ಯೂ ಟು ಟೆಲ್ ಹರ್ ಲಾ" ಎಂದಳು. ಈ ಸಲ ಅವಳನ್ನು ಯಾರೂ ಬೈಯಲಿಲ್ಲ.

ಜೇನ್ ಆಂಟಿ ಬುಧವಾರದ ವಿಮಾನ ಹತ್ತಿದರು; ನೋಟು ಪ್ರಾರ್ಥನೆ ಪುಸ್ತಕದಲ್ಲಿತ್ತು. ರತ್ನ ಈಗ ಲಿಫ್ಟಿನಲ್ಲೇ ಓಡಾಡುತ್ತಾಳೆ. ಮೆಟ್ಟಿಲು ಬಿಟ್ಟ ಮೇಲೆ ಬ್ಲೌಸು ತೋಳಿನಲ್ಲಿ ಅರ್ಧ ಇಂಚು ಬಿಗಿ.